ಎರಡು ಶೇರಿನ ಹೇರ್ಳೆಯವರ ಲಾಂಚು

ಕೋಟೇಶ್ವರದ ವೈಕುಂಠ ಹೇರ್ಳೆಯವರು ಕುಂದಾಪುರದ ದಕ್ಕೆಯಲ್ಲಿ ಲಾಂಚು ಹತ್ತುವ ಚಂದವನ್ನು ನೋಡಿದವರಿಗೆ ಆ ಲಾಂಚು ಯಾರದೆಂದು ಬೇರೆ ಹೇಳಬೇಕಾಗಿರಲಿಲ್ಲ. ಮೊದಲು ಅವರು ಕೊಡೆಯನ್ನು ಕಂಕುಳಲ್ಲಿ ಇರುಕಿಕೊಂಡು, ಲಾಂಚನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ನೋಡುವರು. ಆಮೇಲೆ ಹಲಗೆಯ ಮೇಲೆ ಕಾಲಿಟ್ಟು, ಅದು ಗಟ್ಟಿಯಿದೆಯೇ ಎಂದು ಎರಡು ಸಲ ತುಳಿಯುವರು. ಒಳಗೆ ಹೋಗಿ ಬೆಂಚಿನ ಧೂಳನ್ನು ಬೆರಳಲ್ಲಿ ಸವರಿ, "ಹ್ಮ್" ಎನ್ನುವರು. ಹಿಂದಿನಿಂದ ಮೀನಿನ ಬುಟ್ಟಿ ಹೊತ್ತು ಬಂದವರಿಗೆ, "ಮೆಲ್ಲ, ಮೆಲ್ಲ! ಬೆಂಚಿಗೆ ತಾಗ್ಸ್ಬೇಡಿ" ಎಂದು ಎಚ್ಚರಿಸುವರು. ಇಷ್ಟೆಲ್ಲ ಆದ ಮೇಲೆ ಟಿಕೇಟಿನವನು ಬಂದು ಕೈಚಾಚಿದರೆ, ಯಾರಿಗೂ ಕಾಣದ ಹಾಗೆ ಕಾಸು ಕೊಟ್ಟು ಬಿಡುವರು.

ಲಾಂಚಿನ ಹೆಸರು ಜಲದುರ್ಗಾ. ಯುದ್ಧ ಮುಗಿದು ಎಣ್ಣೆ ಸಿಗತೊಡಗಿದ ಮೇಲೆ ಕುಂದಾಪುರದ ಕೆಲವರು ಶೇರು ಎತ್ತಿ ಕಟ್ಟಿದ ಜಲದುರ್ಗಾ ಲಾಂಚ್ ಸರ್ವೀಸ್ ಲಿಮಿಟೆಡ್ ಎಂಬ ಕಂಪೆನಿ ಅದನ್ನು ಗಂಗೊಳ್ಳಿಗೂ ಕುಂದಾಪುರಕ್ಕೂ ನಡುವೆ ಓಡಿಸುತ್ತಿತ್ತು. ಆ ಕಂಪೆನಿಯಲ್ಲಿ ಹೇರ್ಳೆಯವರಿಗೆ ಎರಡು ಶೇರು ಇದ್ದವು. ಶೇರಿನ ಕಾಗದಕ್ಕೆ ಅವರು ಗಾಜು ಹಾಕಿಸಿ, ಚಾವಡಿಯಲ್ಲಿ ದೇವರ ಪಟಗಳ ಸಾಲಿನಲ್ಲೇ ತೂಗುಹಾಕಿದ್ದರು. ಗೊತ್ತಿಲ್ಲದ ಒಬ್ಬಿಬ್ಬರು ಅದಕ್ಕೂ ಕೈಮುಗಿದು ಹೋದದ್ದುಂಟು.

ಇಷ್ಟರಲ್ಲೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಮಗಳು ಸುಗುಣಾಳಿಗೆ ಬೈಂದೂರಿನ ಸುಬ್ಬರಾಯ ಉಡುಪರ ಮಗನ ಜೊತೆ ಸಂಬಂಧ ಕೂಡಿತು. ನಿಶ್ಚಯ ತಾಂಬೂಲದ ದಿನ ಊಟವಾಗಿ ಎಲೆಅಡಿಕೆ ಹಾಕುತ್ತಾ ಉಡುಪರು ಒಂದು ಸಣ್ಣ ಸಂಶಯ ತೆಗೆದರು.

"ಮದಿ ಮೇ ಹತ್ತಕ್ಕೆ ಅಂತಾಯ್ತ್. ಆದ್ರೆ ಹೇರ್ಳೆರೆ, ನಮ್ ದಿಬ್ಬಣ ಅಂದ್ರೆ ನಲ್ವತ್ತ್ ಜನ. ಗಂಗೊಳ್ಳಿ ಹೊಳಿ ದಾಟ್ಕಲೆ. ದೋಣಿ ಅಂದ್ರೆ ನಮ್ ಹೆಂಗ್ಸ್ರಿಗೆ ಜೀವ ಹ್ವಾತ್ತ್."

ಹೇರ್ಳೆಯವರು ಗಾಜು ಹಾಕಿಸಿದ ಕಾಗದದ ಕಡೆ ಒಮ್ಮೆ ನೋಡಿ, ಕಾಲಮೇಲೆ ಕಾಲು ಹಾಕಿದರು.

"ದೋಣಿ ಎಂತಕ್ಕೆ ಭಾವಯ್ಯ? ಲಾಂಚ್ ನಮ್ದೇ ಇತ್ತಲೆ!"

ಉಡುಪರ ಬಾಯಿಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತಿತು. "ನಿಮ್ದಾ? ಜಲದುರ್ಗಾವಾ?"

"ಹೌದ್. ಮೇ ಹತ್ತಕ್ಕೆ ಇಡೀ ದಿನ ನಿಮ್ದೇ ಅಂತ ತಿಳ್ಕಣಿ."

ಬೀಗರು ಹೋದದ್ದೇ ತಡ, ಹೆಂಡತಿ ಪದ್ಮಾಕ್ಷಿಯಮ್ಮ ಒಳಗಿನಿಂದ ಬಂದರು.

"ಹ್ವಾಯ್, ಲಾಂಚ್ ನಮ್ದ್ ಆದ್ದ್ ಯಾವಾಗ?"

"ಎರಡ್ ಶೇರ್ ಇತ್ತಲೆ ಮಾರಾಯ್ತಿ."

"ಎರಡ್ ಶೇರಿಗೆ ಲಾಂಚಿಂದ್ ಎಂತ ಬತ್ತ್? ಒಂದ್ ಹಲ್ಗೆ ಬತ್ತಾ?" ಎಂದು ಪದ್ಮಾಕ್ಷಿಯಮ್ಮ ಕೇಳಿದರು. "ನಾಳೆ ಸೀದಾ ಕುಂದಾಪುರಕ್ಕೆ ಹೋಯಿ, ಆಫೀಸಂಗೆ ಬಾಡ್ಗೆ ಎಷ್ಟ್ ಅಂತ ಕೇಂಡ್ಕಂಡ್ ಬನ್ನಿ. ಕೊಟ್ಟ್ ಬಿಡುವ."

ಮಾಲೀಕನಾದವನು ತನ್ನ ಲಾಂಚಿಗೆ ತಾನೇ ಬಾಡಿಗೆ ಕೇಳುವುದೆಂದರೆ! ಹೇರ್ಳೆಯವರಿಗೆ ಈ ಸಲಹೆ ಹಿಡಿಸಲಿಲ್ಲ. ಅವರು ಚಪ್ಪಲಿ ಮೆಟ್ಟಿಕೊಂಡು ಬಾಲಚಂದ್ರ ಅಡಿಗರ ಮನೆಗೆ ಹೊರಟರು.

ಅಡಿಗರು ಮೂವತ್ತು ವರ್ಷ ಮುನಸೀಫ್ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕೋಟೇಶ್ವರದಲ್ಲಿ ಇಂಗ್ಲಿಷ್ ಪತ್ರ ಬರೆಯಬೇಕಾದರೆ ಎಲ್ಲರೂ ಅವರ ಜಗಲಿಗೇ ಹೋಗುವುದು. ಆದರೆ ಅವರಿಗೆ ಬರುತ್ತಿದ್ದ ಇಂಗ್ಲಿಷೆಲ್ಲ ದಾವೆಗಳನ್ನು ನಕಲು ಮಾಡಿ ಕಲಿತದ್ದು. ಮಗನಿಗೆ ಪಂಚಾಂಗ ಕಳುಹಿಸು ಎಂದು ಬರೆದರೂ ಅದು ಮಗನ ಮೇಲೆ ಹೂಡಿದ ಖಟ್ಲೆಯ ಹಾಗೆ ಇರುತ್ತಿತ್ತು.

"ಶೇರುದಾರ ಅಂದ್ರೆ ಮಾಲಿಕ," ಎಂದರು ಅಡಿಗರು ಮೂಗಿನ ಮೇಲೆ ಕನ್ನಡಕ ಇಳಿಸಿ. "ಮಾಲಿಕ ಬೇಡುಕಾಗ. ತಿಳಿಯಪಡಿಸ್ಕ್. ಮತ್ತೆ ಮದಿ ಗಿದಿ ಅಂತ ಸ್ವಂತದ್ ಎಂತದೂ ಬರೂಕಾಗ. ಬರ್ದ್ರೆ ಹಗುರ ಮಾಡ್ತ್ರ್."

ಹೀಗೆ ಹೇಳಿ ಅವರು ಒಂದು ಪುಟ ಬರೆದರು. ಕನ್ನಡದಲ್ಲಿ ಹೇಳುವುದಾದರೆ ಅದರ ಒಟ್ಟು ತಾತ್ಪರ್ಯ ಇಷ್ಟು: ಸದರಿ ಕಂಪೆನಿಯ ಮಾಲೀಕರಲ್ಲಿ ಒಬ್ಬರಾದ ವೈಕುಂಠ ಹೇರ್ಳೆ ಎಂಬವರು ಮೇ ಹತ್ತರಂದು ಸದರಿ ಲಾಂಚನ್ನು ಅದರ ಸಮಸ್ತ ಬೆಂಚು, ಹಗ್ಗ, ಲಂಗರು ಸಹಿತ ತಮ್ಮ ಸ್ವಾಧೀನಕ್ಕೆ ತೆಗೆದುಕೊಳ್ಳಲು ನಿಶ್ಚಯಿಸಿರುತ್ತಾರೆ. ಇದಕ್ಕೆ ಯಾರಾದರೂ ಅಡ್ಡಿಪಡಿಸಿದಲ್ಲಿ ಮುಂದಿನ ಪರಿಣಾಮಗಳಿಗೆ ಅವರೇ ಜವಾಬ್ದಾರರು.

ಹೇರ್ಳೆಯವರಿಗೆ ಇಂಗ್ಲಿಷ್ ಓದಲು ಬಾರದು. ಅಕ್ಷರಗಳು ಮಾತ್ರ ಮುತ್ತು ಪೋಣಿಸಿದ ಹಾಗಿದ್ದವು. ತೃಪ್ತಿಯಿಂದ ರುಜು ಹಾಕಿ ಟಪ್ಪಾಲಿಗೆ ಕೊಟ್ಟರು.

ಕುಂದಾಪುರದಲ್ಲಿ ಕಂಪೆನಿಯ ಸೆಕ್ರೆಟರಿ ರತ್ನಾಕರ ಶೆಟ್ಟರು ಆ ಪತ್ರವನ್ನು ಓದಿದವರು ಕುರ್ಚಿಯಿಂದ ಎದ್ದು ಕಿಟಕಿ ಹಾಕಿದರು. ಶೆಟ್ಟರು ಕೆಟ್ಟವರಲ್ಲ. ಆದರೆ ಕಂಪೆನಿ ಎರಡು ವರ್ಷದಿಂದ ಶೇರುದಾರರ ಸಭೆ ಕರೆದಿರಲಿಲ್ಲ. ಇವತ್ತು ಕರೆಯುವ, ಮಳೆಗಾಲ ಕಳೆಯಲಿ, ಅಧ್ಯಕ್ಷರಿಗೆ ಜ್ವರ ಬಿಡಲಿ ಎಂದು ದಿನ ಹೋಗಿತ್ತು. ಯಾರೂ ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಒಂದು ದಿನ ಯಾರಾದರೂ ಎದ್ದು ಕೇಳಿಯಾರು ಎಂಬ ಭಯ ಮಾತ್ರ ಶೆಟ್ಟರ ಹೊಟ್ಟೆಯಲ್ಲಿ ಇದ್ದೇ ಇತ್ತು. ಆ ದಿನ ಇದೇ ಇರಬೇಕು ಎಂದುಕೊಂಡರು.

ಉತ್ತರ ಬಾರದ್ದನ್ನು ಕಂಡು, ವಾರ ಕಳೆದ ಮೇಲೆ ಹೇರ್ಳೆಯವರು ಕರಿಕೋಟು ಹಾಕಿ, ಜರಿಯಂಚಿನ ಶಾಲು ಹೊದ್ದು ತಾವೇ ಆಫೀಸಿಗೆ ಹೋದರು. ಶೆಟ್ಟರು ಎದ್ದು ನಿಂತು ಕುರ್ಚಿ ಕೊಟ್ಟರು. ಇಂಥ ಮರ್ಯಾದೆ ಸಿಕ್ಕಿದ ಮೇಲೆ ಮದುವೆಯ ಸುದ್ದಿ ಎತ್ತಿ ಹಗುರಾಗಲು ಹೇರ್ಳೆಯವರಿಗೆ ಮನಸ್ಸು ಬರಲಿಲ್ಲ.

"ನಮ್ ಪತ್ರ ಬಂತಾ?"

"ಬಂತ್, ಬಂತ್. ಕೂಕಣಿ ಹೇರ್ಳೆರೆ. ಸೀಯಾಳ ತರ್ಸ್ಲಾ? ನೀವ್ ಒಬ್ರೇ ಅಲ್ದಾ ಇದ್ರಗೆ?"

"ಒಬ್ನೇ ಎಂತಕ್ಕೆ? ನಲ್ವತ್ತ್ ಜನ ಇದ್ರ್."

ಶೆಟ್ಟರು ಪೆನ್ನು ಕೆಳಗಿಟ್ಟರು. "ನಲ್ವತ್ತ್ ಜನವಾ? ಎಲ್ಲ ಯಾವ್ ಕಡೆಯವ್ರ್?"

"ಬೈಂದೂರ್ ಕಡೆಯವ್ರೇ ಹೆಚ್ಚ್. ನಾವಂದ, ಮರವಂತೆಯವ್ರೂ ಇದ್ರ್. ಸುಬ್ಬರಾಯ ಉಡುಪ್ರೇ ಮುಂದ್ ನಿಂತ್ಕಂಡ್ ಕರ್ಕಂಡ್ ಬತ್ರ್."

"ಎಲ್ರಿಗೂ ಒಂದೇ ಅಭಿಪ್ರಾಯವಾ?"

"ಅಭಿಪ್ರಾಯ ಎಲ್ಲ ತಾಂಬೂಲದ ದಿನವೇ ಮುಗ್ದ್ ಹೋಯ್ತಲೆ! ಮಾತ್ ಕೊಟ್ಟಾಯ್ತ್. ಇನ್ ಹಿಂದೆ ಹೋಪ್ ಪ್ರಶ್ನೆಯೇ ಇಲ್ಲೆ."

ತಾಂಬೂಲ ಇಟ್ಟು ಮಾತು ಕೊಟ್ಟುಕೊಂಡ ಬಂಡಾಯವನ್ನು ಶೆಟ್ಟರು ಈವರೆಗೆ ಕೇಳಿರಲಿಲ್ಲ. ಹೇರ್ಳೆಯವರು ಸೀಯಾಳ ಕುಡಿದು, ಬಾಯಿ ಒರೆಸಿಕೊಂಡು, "ನಂಗೆ ಬೇರೆ ಎಂತದೂ ಬೇಡ. ಮೇ ಹತ್ತಕ್ಕೆ ಲಾಂಚ್ ನಮ್ ಕೈಯಗೆ ಇರ್ಕ್" ಎಂದು ಎದ್ದರು. ಹೊರಗೆ ಬಂದಾಗ ಕೆಲಸ ಹಣ್ಣಾಯಿತೆಂದೇ ಅವರ ಎಣಿಕೆ.

ಶೆಟ್ಟರು ಶಾಲು ಕೂಡ ಹೊದೆಯದೆ ಅಧ್ಯಕ್ಷ ಗುಣಪಾಲ ಹೆಗ್ಡೆಯವರ ಮನೆಗೆ ಓಡಿದರು.

ನಾಲ್ಕು ದಿನ ಕಳೆದು ಕೋಟೇಶ್ವರದ ಹೇರ್ಳೆಯವರ ಮನೆಯ ಮುಂದೆ ಒಂದು ಕಾರು ನಿಂತಿತು. ನೆರೆಮನೆಯ ವನಜಮ್ಮ ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ಬೇಲಿಗೆ ಬಂದರು. ಕಾರಿನಿಂದ ಇಳಿದವರು ಎತ್ತರದ ಮನುಷ್ಯ, ಕೆಂಪು ರುಮಾಲು, ಹಿಂದೆ ಬಾಳೆಗೊನೆ ಹೊತ್ತ ಒಬ್ಬ ಆಳು. ಅಧ್ಯಕ್ಷ ಗುಣಪಾಲ ಹೆಗ್ಡೆಯವರೇ ಬಂದಿದ್ದರು.

"ಯಾರ್ ಪದ್ಮಾಕ್ಷಕ್ಕ?" ವನಜಮ್ಮ ಬೇಲಿಯಾಚೆಯಿಂದಲೇ ಕೇಳಿದರು.

"ಗೊತ್ತಿಲ್ಲೆ ಮಾರಾಯ್ತಿ. ಇವ್ರ್ ಎಂತದೋ ಮಾಡ್ಕಂಡಿದ್ರ್," ಎಂದು ಪದ್ಮಾಕ್ಷಿಯಮ್ಮ ಕಾಫಿಗೆ ನೀರಿಡಲು ಒಳಗೆ ಹೋದರು.

ಹೆಗ್ಡೆಯವರು ಚಾವಡಿಯಲ್ಲಿ ಕುಳಿತು ಸುತ್ತ ನೋಡಿದರು. ಅಂಗಳದ ತುಂಬ ಚಾಪೆಯ ಮೇಲೆ ಹಪ್ಪಳ ಒಣಗುತ್ತಿತ್ತು. ಮೂಲೆಯಲ್ಲಿ ಬೆಲ್ಲದ ಡಬ್ಬಗಳು, ಒಂದು ರಾಶಿ ತೆಂಗಿನಕಾಯಿ.

"ಇದೆಲ್ಲ ಎಂತಕ್ಕೆ ಹೇರ್ಳೆರೆ?"

"ಮೇ ಹತ್ತಕ್ಕೆ. ಅಷ್ಟ್ ಜನ ಬಪ್ದಲೆ. ಊಟದ್ ವ್ಯವಸ್ಥೆ ನಮ್ದೇ."

ಜನರನ್ನು ಕೂಡಿಸಿ ಅವರಿಗೆ ಹಪ್ಪಳ ಹಾಕಿ ಊಟ ಬಡಿಸುವಷ್ಟು ತಯಾರಿ ನಡೆದಿದೆ ಎಂದಾದ ಮೇಲೆ ಹೆಗ್ಡೆಯವರು ಸುತ್ತು ಬಳಸಿ ಮಾತಾಡುವುದನ್ನು ಬಿಟ್ಟರು.

"ಕಾಣಿ ಹೇರ್ಳೆರೆ, ನಂಗೂ ವಯಸ್ಸಾಯ್ತ್. ಮನಸ್ತಾಪ ಬೇಡ. ನೀವೂ ಡೈರೆಕ್ಟರ್ ಆಯ್ನಿ. ಒಂದ್ ಸ್ಥಾನ ಕೊಡ್ತೆ."

ಡೈರೆಕ್ಟರ್ ಎಂದರೆ ಲಾಂಚಿನ ಚುಕ್ಕಾಣಿಯ ಹತ್ತಿರ ಕೂರುವ ಸ್ಥಾನವಿರಬೇಕು ಎಂದು ಹೇರ್ಳೆಯವರು ತಿಳಿದರು. ಆ ಎಂಜಿನ್ನಿನ ಶಾಖದಲ್ಲಿ ಯಾರು ಕೂರುತ್ತಾರೆ?

"ನಂಗ್ ಸ್ಥಾನ ಬೇಡ ಹೆಗ್ಡೇರೆ. ಹಿಂದ್ಗಡೆ ಎಲ್ಲಿಯಾರೂ ಕೂಕಂತೆ. ನಂಗೆ ಲಾಂಚ್ ಸಿಕ್ರೆ ಸಾಕ್."

"ಹಿಂದ್ ಕೂಕಂಡ್ ನಡ್ಸ್ತ್ರಿ, ಅಲ್ದಾ?" ಹೆಗ್ಡೆಯವರು ನಿಟ್ಟುಸಿರು ಬಿಟ್ಟರು. "ಆ ಉಡುಪ್ರಿಗೆ ಇದ್ರಗೆ ಎಂತ ಕೊಡ್ತ್ರಿ?"

"ಅವ್ರ್ ಎಂತದೂ ಬೇಡ ಅಂದ್ರ್. ಬಾಳ ದೊಡ್ಡ್ ಮನ್ಸಿನ್ ಜನ. ಹುಡ್ಗಿ ಕೊಟ್ರೆ ಸಾಕ್ ಅಂ—"

ಇಲ್ಲಿ ಹೇರ್ಳೆಯವರು ನಾಲಿಗೆ ಕಚ್ಚಿಕೊಂಡರು. ಸ್ವಂತದ ಸುದ್ದಿ ಎತ್ತಬಾರದೆಂದು ಅಡಿಗರು ಹೇಳಿದ್ದು ನೆನಪಾಯಿತು. ಆದರೆ ಅಷ್ಟರಲ್ಲಿ ಹಿತ್ತಿಲಿನಿಂದ ಒಂದು ಹಸು ಬಂದು ಹಪ್ಪಳಕ್ಕೆ ಬಾಯಿ ಹಾಕಿದ್ದರಿಂದ ಚಾವಡಿಯಲ್ಲಿದ್ದವರೆಲ್ಲ ಎದ್ದು ಅಂಗಳಕ್ಕೆ ಓಡಬೇಕಾಯಿತು. ಅಧ್ಯಕ್ಷರೂ ಕೆಂಪು ರುಮಾಲು ಬೀಸಿ ಹಸುವನ್ನು ಅಟ್ಟಿದರು. ಆ ಗಡಿಬಿಡಿಯಲ್ಲಿ ಹುಡುಗಿಯ ವಿಷಯ ಅವರ ಕಿವಿಗೆ ಬೀಳಲೇ ಇಲ್ಲ. ಕಾರು ಹತ್ತುವ ಮೊದಲು ಅವರು ಹೇಳಿದ್ದು ಒಂದೇ ಮಾತು: "ಏಪ್ರಿಲ್ ಕಡೇ ಆದಿತ್ಯವಾರ ಸಭೆ ಕರಿತೆ. ಎಲ್ರ ಎದ್ರಲ್ಲೇ ತೀರ್ಮಾನ ಆಯ್ಲಿ."

ಹೇರ್ಳೆಯವರಿಗೆ ಆನಂದವಾಯಿತು. ತಮ್ಮ ಮಗಳ ದಿಬ್ಬಣಕ್ಕೆ ಲಾಂಚು ಕೊಡುವುದನ್ನು ಕಂಪೆನಿ ಸಭೆ ಕರೆದು ತೀರ್ಮಾನಿಸುವುದೆಂದರೆ ಸಾಮಾನ್ಯವೇ? ಆ ಸಂಜೆಯೊಳಗೆ ಇಡೀ ಕೋಟೇಶ್ವರಕ್ಕೆ ಸುದ್ದಿ ಮುಟ್ಟಿತು. ವನಜಮ್ಮನ ಬಾಯಿಯಲ್ಲಿ ಹೇರ್ಳೆಯವರು ಎರಡನೆಯ ಲಾಂಚು ಕೊಳ್ಳುವವರೂ ಆದರು.

ಸೆಕ್ರೆಟರಿ ಶೆಟ್ಟರು ಶೇರುದಾರರಿಗೆಲ್ಲ ಸಭೆಯ ತಿಳಿವಳಿಕೆ ಕಳುಹಿಸಿದರು. ಒಳಸಂಚಿನ ಮುಖಂಡನನ್ನು ಹೊರಗಿಟ್ಟರೆ ಇನ್ನೂ ಅಪಾಯವೆಂದು ಬೈಂದೂರಿನ ಸುಬ್ಬರಾಯ ಉಡುಪರಿಗೂ ಒಂದು ವಿಶೇಷ ಆಮಂತ್ರಣ ಹೋಯಿತು. ಉಡುಪರಿಗೆ ಆ ಕಂಪೆನಿಯಲ್ಲಿ ಅರ್ಧ ಶೇರು ಕೂಡ ಇರಲಿಲ್ಲ. ಆದರೂ ಬೀಗರ ಕಂಪೆನಿ ತಮ್ಮನ್ನು ಇಷ್ಟು ಗೌರವದಿಂದ ಕರೆಯುವಾಗ ಹೋಗದೆ ಇರುವುದು ಹೇಗೆ?

ಸಭೆ ನಡೆದದ್ದು ಕುಂದಾಪುರದ ಒಂದು ಜವಳಿ ಅಂಗಡಿಯ ಮಾಳಿಗೆಯಲ್ಲಿ. ಹೇರ್ಳೆಯವರು ಮುಂದಿನ ಸಾಲಿನಲ್ಲಿ ಕೋಟು ನೆಟ್ಟಗೆ ಮಾಡಿಕೊಂಡು ಕುಳಿತಿದ್ದರು. ಪಕ್ಕದಲ್ಲಿ ಅಡಿಗರು. ಅಷ್ಟರಲ್ಲಿ ಮೆಟ್ಟಿಲಿನಲ್ಲಿ ಸದ್ದಾಯಿತು. ತಿರುಗಿ ನೋಡಿದರೆ ಉಡುಪರು! ಅವರ ಹಿಂದೆ ಇಬ್ಬರು ತಮ್ಮಂದಿರು, ಒಬ್ಬ ಭಾವ, ಮೂವರು ದಾಯಾದಿಗಳು.

ಹೇರ್ಳೆಯವರು ತಟ್ಟನೆ ಮುಂದಕ್ಕೆ ತಿರುಗಿ ಕುಳಿತರು. ಇಷ್ಟು ಜನರ ನಡುವೆ ತಮ್ಮ ಶೇರು ಎರಡೇ ಎಂದು ಯಾರಾದರೂ ಹೇಳಿಬಿಟ್ಟರೆ? ಸುಳ್ಳು ಹೇಳಿದ ಮನೆಯ ಹುಡುಗಿ ಬೇಡ ಎಂದು ಉಡುಪರು ಹಾಗೇ ಮೆಟ್ಟಿಲಿಳಿದು ಹೋದರೆ? ಅಂಗಳದಲ್ಲಿ ಒಣಗಿದ ಹಪ್ಪಳವನ್ನು ಸುಗುಣಾಳ ಮುಖ ನೋಡುತ್ತಾ ತಿನ್ನುವುದು ಯಾರು?

"ಅಡಿಗ್ರೆ, ನಾ ಹೊರ್ಗ್ ಹೋಯಿ ಬತ್ತೆ," ಎಂದು ಏಳಹೋದರು.

"ಮಾಲಿಕ ಸಭೆ ಬಿಟ್ಟ್ ಏಳೂಕಾಗ," ಎಂದು ಅಡಿಗರು ಕೋಟಿನ ತುದಿ ಹಿಡಿದು ಕೂರಿಸಿದರು.

ಹೆಗ್ಡೆಯವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

"ಮಹನೀಯರೇ, ಈ ಕಂಪೆನಿಯನ್ನು ನಾನು ಮಗುವಿನ ಹಾಗೆ ಸಾಕಿದೆ. ಸಭೆ ಕರೆಯದ್ದು ನನ್ನ ತಪ್ಪು, ಒಪ್ಪುತ್ತೇನೆ. ಲೆಕ್ಕ ಎಲ್ಲ ಸರಿಯಾಗಿ ಇದೆ, ಯಾರು ಬೇಕಾದರೂ ನೋಡಬಹುದು. ಆದರೂ ಹೇರ್ಳೆಯವರೂ ಉಡುಪರೂ ನಲವತ್ತು ಜನರನ್ನು ಕಟ್ಟಿಕೊಂಡು ಮೇ ಹತ್ತಕ್ಕೆ ಲಾಂಚನ್ನು ವಶಪಡಿಸಿಕೊಳ್ಳುವುದೇ ಸೈ ಎಂದಾದರೆ, ನಾನು ಇಲ್ಲೇ, ಈಗಲೇ ರಾಜೀನಾಮೆ—"

"ಹ್ವಾಯ್, ಹ್ವಾಯ್! ನಿಲ್ಲಿ ಕಾಂಬ!" ಹಿಂದಿನಿಂದ ಉಡುಪರು ಎದ್ದರು. "ವಶ ಮಾಡ್ಕಂಬುದ್ ಯಾರ್? ನಾವ್ ಬಪ್ದ್ ಮದಿಗೆ ಮಾರಾಯ್ರೆ!"

ಮಾಳಿಗೆಯಲ್ಲಿ ಫ್ಯಾನಿರಲಿಲ್ಲ. ಇದ್ದಿದ್ದರೆ ಅದೂ ನಿಲ್ಲುತ್ತಿತ್ತು.

"ಮದಿಗಾ?" ಎಂದರು ಶೆಟ್ಟರು.

"ಮದಿಗೇ. ನಮ್ ಮಗಂದ್, ಹೇರ್ಳೆರ ಮಗ್ಳದ್. ನಲ್ವತ್ತ್ ಜನ ದಿಬ್ಬಣ. ಲಾಂಚ್ ಅವ್ರದ್ದೇ ಅಂತ ಹೇಳಿದ್ರಪ್ಪ!"

ಎಲ್ಲರ ಕಣ್ಣೂ ಹೇರ್ಳೆಯವರ ಮೇಲೆ ಬಿತ್ತು. ಅವರು ಅಡಿಗರ ಕಡೆ ನೋಡಿದರು. ಅಡಿಗರು ಕನ್ನಡಕ ಒರೆಸುತ್ತಿದ್ದರು. ಇನ್ನು ದಾರಿಯಿಲ್ಲವೆಂದು ಹೇರ್ಳೆಯವರು ಎದ್ದು ನಿಂತರು. ಶಾಲು ಒಂದು ಕಡೆಯಿಂದ ಜಾರಿತು.

"ನಂಗೆ ಎರಡೇ ಶೇರ್ ಇಪ್ದ್," ಎಂದರು. "ಲಾಂಚ್ ನಮ್ದ್ ಅಂತ ಭಾವಯ್ಯನ ಹತ್ರ ಬಡಾಯಿ ಕೊಚ್ಚಿದ್ದ್ ಹೌದ್. ಹಾಂಗ್ ಕಂಡ್ರೆ ಟಿಕೇಟೂ ತಕಂಡೇ ಹ್ವಾಪ್ದ್. ಮಗ್ಳ ದಿಬ್ಬಣಕ್ಕೆ ಮೇ ಹತ್ತಕ್ಕೆ ಲಾಂಚ್ ಬೇಕಿತ್ತ್. ಬಾಡ್ಗೆ ಎಷ್ಟಾತ್ತ್?"

ಮೊದಲು ನಕ್ಕವರು ಹೆಗ್ಡೆಯವರು. ಬಿದ್ದೇಹೋಗುವ ಹಾಗೆ ಮೇಜು ಹಿಡಿದುಕೊಂಡು ನಕ್ಕರು. ಆಮೇಲೆ ಇಡೀ ಮಾಳಿಗೆ ನಕ್ಕಿತು. ಶೆಟ್ಟರು ಮಾತ್ರ ಅಳುವ ದನಿಯಲ್ಲಿ, "ಇದನ್ನ್ ಅವತ್ತೇ ಹೇಳಿರೆ ಎಂತ ಹೇರ್ಳೆರೆ? ನಂಗ್ ಒಂದ್ ತಿಂಗ್ಳಿಂದ ಅನ್ನ ಸೇರ್ಲಿಲ್ಲೆ!" ಎಂದರು.

ಹೇರ್ಳೆಯವರು ನಗಲಿಲ್ಲ. ಅವರು ನೋಡುತ್ತಿದ್ದುದು ಉಡುಪರ ಮುಖವನ್ನು. ಉಡುಪರು ನಿಧಾನವಾಗಿ ಮುಂದಿನ ಸಾಲಿಗೆ ಬಂದರು.

"ಎರಡೇ ಶೇರಾ?"

"ಎರಡೇ ಭಾವಯ್ಯ."

"ಎರಡ್ ಶೇರ್ ಇಟ್ಕಂಡ್ ಅಧ್ಯಕ್ಷರ್ ಹತ್ರ ರಾಜೀನಾಮೆ ಕೊಡ್ಸೂಕೆ ಹೊರ್ಟ್ರಿಯಲೆ!" ಉಡುಪರು ಅವರ ಜಾರಿದ ಶಾಲನ್ನು ಎತ್ತಿ ಹೆಗಲಿಗೆ ಹಾಕಿದರು. "ನಾಕ್ ಇದ್ದಿದ್ರೆ ಎಂತ ಮಾಡ್ತಿದ್ರಿ? ಇಂಥ ಮನಿ ಸಂಬಂಧ ಬಿಟ್ಟ್ರೆ ನಂಗ್ ಬೇರೆ ಸಿಕ್ಕೂದಿಲ್ಲೆ."

ಅಂದು ಇನ್ನೊಂದು ವಿಚಿತ್ರವೂ ನಡೆಯಿತು. ಎರಡು ಶೇರಿನವರು ಎದ್ದು ಕೇಳಬಹುದಾದರೆ ತಾವೂ ಕೇಳಬಹುದೆಂದು ಉಳಿದವರಿಗೆ ಧೈರ್ಯ ಬಂತು. ಗಂಗೊಳ್ಳಿಯ ಒಬ್ಬ ಮೀನು ವ್ಯಾಪಾರಿ ಎದ್ದು, ಲಾಂಚು ಹೊಳೆಯ ನಡುವೆ ನಿಲ್ಲುವುದು ಯಾಕೆಂದು ಕೇಳಿದ. ಎಂಜಿನ್ನಿಗೆ ಒಂದು ಸಾಮಾನು ಬೊಂಬಾಯಿಯಿಂದ ಬರಬೇಕಿತ್ತು, ಮೊನ್ನೆ ಬಂತು ಎಂದರು ಶೆಟ್ಟರು. ಬಾರ್ಕೂರಿನ ಒಬ್ಬರು ಇನ್ನು ಸಭೆ ಯಾವಾಗ ಎಂದರು. ವರ್ಷಕ್ಕೊಂದು, ಖಂಡಿತ ಎಂದರು ಹೆಗ್ಡೆಯವರು. ಉತ್ತರ ಹೇಳುತ್ತಾ ಹೇಳುತ್ತಾ ಇಬ್ಬರ ಮುಖವೂ ಗೆಲುವಾಯಿತು. ಯಾರೂ ಸ್ವಾಧೀನ, ಪರಿಣಾಮ ಎನ್ನಲಿಲ್ಲ. ಅಡಿಗರಿಗೆ ಆ ಸಭೆ ತೀರ ಸಪ್ಪೆಯೆನಿಸಿತು.

ಬಾಡಿಗೆ ಗೊತ್ತಾಯಿತು. ಹೆಗ್ಡೆಯವರು ಸಂತೋಷದ ಭರದಲ್ಲಿ ಅದರಲ್ಲಿ ಅರ್ಧ ಬಿಟ್ಟರು. ಅಷ್ಟೇ ಅಲ್ಲ, ಮದುವೆಗೆ ಹೋಗುವ ಲಾಂಚು ಹೀಗೆ ಬೋಳುಬೋಳಾಗಿ ಹೋಗಬಾರದೆಂದು, ಒಳಗೂ ಹೊರಗೂ ಹಸಿರು ಬಣ್ಣ ಬಳಿಯಲು ಅಪ್ಪಣೆ ಕೊಟ್ಟರು. ಬಳಿದು ಮುಗಿದದ್ದು ಮೇ ಒಂಬತ್ತರ ಸಂಜೆ.

ಮೇ ಹತ್ತರ ಬೆಳಿಗ್ಗೆ ಜಲದುರ್ಗಾ ಮಾವಿನ ತೋರಣ ಕಟ್ಟಿಕೊಂಡು, ಗಿಳಿಯ ಹಾಗೆ ಹೊಳೆಯುತ್ತಾ ಗಂಗೊಳ್ಳಿಗೆ ಹೋಯಿತು. ದಿಬ್ಬಣವನ್ನು ಎದುರುಗೊಳ್ಳಲು ಹೇರ್ಳೆಯವರೂ ಅದರಲ್ಲೇ ಹೋದರು. ಎಂಜಿನ್ನು ಒಮ್ಮೆಯೂ ಕೆಮ್ಮಲಿಲ್ಲ. ವಾದ್ಯದವರು ನುಡಿಸಿದರು, ಹೆಂಗಸರು ಹೆದರಲಿಲ್ಲ, ಉಡುಪರು ಬೆಂಚಿನ ಮೇಲೆ ಒರಗಿ ಕುಳಿತು, "ಭಾರೀ ಲಾಯ್ಕಿತ್ತ್" ಎಂದರು. ಮದುಮಗ ಮಾತ್ರ ಹೊಳೆ ನೋಡುತ್ತಾ ಮುಂದೆಯೇ ನಿಂತಿದ್ದ.

ಕುಂದಾಪುರದ ದಕ್ಕೆಯಲ್ಲಿ ದಿಬ್ಬಣ ಇಳಿದು ಸಾಲಾಗಿ ಮುಂದೆ ಹೋಗುವಾಗ, ಹಿಂದಿನಿಂದ ನೋಡಿದವರು ಮೊದಲು ಕಣ್ಣುಜ್ಜಿಕೊಂಡರು, ಆಮೇಲೆ ನಗಲು ಮುಖ ಮುಚ್ಚಿಕೊಂಡರು. ಮದುವೆ ಚಪ್ಪರದಲ್ಲಿ ವನಜಮ್ಮ ಪದ್ಮಾಕ್ಷಿಯಮ್ಮನನ್ನು ಜಗ್ಗಿ, "ಬೈಂದೂರ್ ಕಡೆ ಗಂಡ್ಸ್ರ್ ಪಂಚೆಗೆ ಹಿಂದ್ ಹಸ್ರ್ ಪಟ್ಟಿ ಇಪ್ದ್ ಕ್ರಮವಾ?" ಎಂದು ಕೇಳಿದರು. ಮುಹೂರ್ತ ಸಾಂಗವಾಗಿ ನಡೆಯಿತು. ಧಾರೆಗೆ ನಿಂತವರಲ್ಲಿ ಹಿಂದೆಯೂ ಮುಂದೆಯೂ ಬೆಳ್ಳಗೆ ಇದ್ದ ಗಂಡಸು ಮದುಮಗ ಒಬ್ಬನೇ.

ಮರುದಿನ ಅಡಿಗರು ಶಾಯಿ ಬಾಟ್ಲಿ ಸಮೇತ ಬಂದರು. "ನಲ್ವತ್ತ್ ಜನರ್ ವಸ್ತ್ರ ಹಾನಿ! ಒಂದ್ ನೋಟೀಸ್ ಕೊಡುವ."

"ಬೇಡ," ಎಂದು ಹೇರ್ಳೆಯವರು ಚಪ್ಪಲಿ ಮೆಟ್ಟಿಕೊಂಡು ಸೀದಾ ಕುಂದಾಪುರಕ್ಕೆ ನಡೆದರು. ಕರಿಕೋಟಿಲ್ಲ, ಶಾಲಿಲ್ಲ; ಉಟ್ಟದ್ದು ಹಿಂದಿನ ದಿನದ ಪಂಚೆಯನ್ನೇ. ಆಫೀಸಿನೊಳಗೆ ಕಾಲಿಟ್ಟವರೇ, ನಮಸ್ಕಾರವನ್ನೂ ಹೇಳದೆ, ನೇರವಾಗಿ ವಿಷಯಕ್ಕೆ ಬಂದರು.

"ಶೆಟ್ರೆ, ಬಣ್ಣ ಬಯಲಾಯ್ತ್!"

ಶೆಟ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು:

"ಯಾರ್ದ್ ಹೇರ್ಳೆರೆ? ನನ್ದಾ, ಹೆಗ್ಡೇರ್ದಾ?"

"ಬೆಂಚಿಂದ್ ಮಾರಾಯ್ರೆ!" ಎಂದು ಹೇರ್ಳೆಯವರು ತಿರುಗಿ ನಿಂತು ತೋರಿಸಿದರು.